ದವಡೆ ಕೀಲಿನ ತೊಂದರೆಗಳು
ಕೆಳದವಡೆಯನ್ನು ಕಿವಿಯ ಮುಂದೆ ತಲೆಬುರುಡೆಗೆ ಕೂಡಿಸುವ ಟೆಂಪೊರೊಮ್ಯಾಂಡಿಬ್ಯುಲರ್ ಕೀಲು ಹಾಗೂ ಅಗಿಯುವ ಸ್ನಾಯುಗಳಲ್ಲಿ ಕಾಣುವ ನೋವು, ಬಿಗಿತ, ಚಲನೆಯ ಅಡಚಣೆಗಳ ಒಟ್ಟು ಹೆಸರು. ತಿರುಗುವುದರ ಜೊತೆಗೆ ಮುಂದಕ್ಕೂ ಜಾರುವುದು ಈ ಕೀಲಿನ ವಿಶೇಷ. ಮೂಳೆಗಳ ನಡುವಿನ ಮೆತ್ತೆ ಮುಂದೆ ಸರಿದಿದ್ದು, ಬಾಯಿ ತೆರೆದಾಗ ಸ್ವಸ್ಥಾನಕ್ಕೆ ಮರಳಿದರೆ ‘ಟಕ್’ ಎನ್ನುತ್ತದೆ. ಮರಳದಿದ್ದರೆ ಬಾಯಿ ಪೂರ್ತಿ ತೆರೆಯದು. ಹಲ್ಲು ಕಡಿಯುವ ಅಭ್ಯಾಸ, ಪೆಟ್ಟು, ಸಂಧಿವಾತ, ಮಾನಸಿಕ ಒತ್ತಡ ಈ ತೊಂದರೆಗಳಿಗೆ ಪೂರಕ. ಮಹಿಳೆಯರಲ್ಲಿ ಹೆಚ್ಚು. ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ ಹಲ್ಲುಗಳ ಹೊಂದಾಣಿಕೆಯ ದೋಷವೇ ಮೂಲವೆಂದರು; ಆ ವಿವರಣೆ ಈಗ ಒಪ್ಪಿತವಲ್ಲ.

ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಡ. ಹೆಚ್ಚಿನ ನೋವು ಮೆತ್ತಗಿನ ಆಹಾರ, ಬಿಸಿ ಶಾಖ, ವ್ಯಾಯಾಮ, ನೋವುನಿವಾರಕಗಳಿಂದ ತಗ್ಗುತ್ತದೆ, ಶಸ್ತ್ರಚಿಕಿತ್ಸೆ ವಿರಳ. ವಾರಗಟ್ಟಲೆ ಉಳಿಯುವ ನೋವು, ದವಡೆ ಸಿಕ್ಕಿಕೊಳ್ಳುವುದು, ಬಾಯಿಗೆ ತನ್ನದೇ ಮೂರು ಬೆರಳು (ಸುಮಾರು 40 ಮಿ.ಮೀ.) ಹಿಡಿಸದಿರುವುದು ದಂತವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ಕಿರಿದಾಗುವುದಕ್ಕೆ ಹಲವು ವೇಳೆ ಕೀಲು ಕಾರಣವಲ್ಲ. ಅದು ಕೆನ್ನೆಯ ಒಳಪದರ ನಾರುಗಟ್ಟುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಕ್ಯಾನ್ಸರ್‌ಗೆ ತಿರುಗಬಲ್ಲ ಇದನ್ನು ಕೀಲುನೋವೆಂದು ಕಡೆಗಣಿಸುವುದು ಅಪಾಯಕರ. ತೆರೆದ ಬಾಯಿ ಮುಚ್ಚಲಾಗದಿದ್ದರೆ, ದವಡೆನೋವಿನೊಡನೆ ಎದೆನೋವು, ಬೆವರು ಇದ್ದರೆ, ಅಥವಾ 50 ದಾಟಿದವರಲ್ಲಿ ಅಗಿಯುವಾಗಿನ ನೋವಿನ ಜೊತೆ ದೃಷ್ಟಿ ಮಂಜಾದರೆ ತುರ್ತು ಚಿಕಿತ್ಸೆ ಅಗತ್ಯ.