ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಥೆ, ಭಾಗ 4: 'ಎಂ' ಎಲ್ಲಿ ಹೋಯ್ತು?

ಹೋದ ವಾರ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಜಗಳ. ಇಬ್ಬರ ಹತ್ರಾನೂ ಆರ್‌ಟಿಎಕ್ಸ್ 3060 ಇರೋ ಲ್ಯಾಪ್‌ಟಾಪ್, ಬೇರೆ ಬೇರೆ ಮಾಡೆಲ್. ಒಂದೇ ಗೇಮ್, ಒಂದೇ ಸೆಟ್ಟಿಂಗ್. ಒಬ್ಬನದು ಸಲೀಸಾಗಿ ಓಡುತ್ತೆ, ಇನ್ನೊಬ್ಬನದು ತಡವರಿಸುತ್ತೆ. "ನಿಂದು ಡೂಪ್ಲಿಕೇಟ್ ಕಣೋ" ಅಂದ ಮೊದಲನೆಯವನು. ಮನೇಲಿ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಅದು. ಇನ್ನೊಬ್ಬನ ಮುಖ ನೋಡೋಕಾಗ್ಲಿಲ್ಲ.

ಡೂಪ್ಲಿಕೇಟ್ ಅಲ್ಲ. ಕಥೆ ಹಳೇದು, ಕೇಳಿ.

2014ರಲ್ಲಿ ಹೆಸರು ಓದಿದರೆ ಸಾಕಿತ್ತು. ಎನ್‌ವಿಡಿಯಾದ ಡೆಸ್ಕ್‌ಟಾಪ್ ಕಾರ್ಡ್ ಜಿಟಿಎಕ್ಸ್ 980, ಲ್ಯಾಪ್‌ಟಾಪಿನದು 980ಎಂ. ಮೊದಲನೆಯದರಲ್ಲಿ 2048 ಕೋರ್, ಎರಡನೆಯದರಲ್ಲಿ 1536. 'ಎಂ' ಅಂದರೆ ಮೊಬೈಲ್. ಇವನು ಅಣ್ಣ ಅಲ್ಲ, ತಮ್ಮ ಅಂತ ಹೆಸರೇ ಹೇಳ್ತಿತ್ತು.

2016ರಲ್ಲಿ 10ರ ಸರಣಿ ಬಂತು, 'ಎಂ' ಮಾಯವಾಯ್ತು. ಆಗ ಅದು ನ್ಯಾಯವೇ ಆಗಿತ್ತು ಅನ್ನಿ: ಜಿಟಿಎಕ್ಸ್ 1080ಗೆ ಎರಡು ಕಡೆಯೂ 2560 ಕೋರ್. ಆದರೆ ಆ ಲ್ಯಾಪ್‌ಟಾಪ್‌ಗಳೋ, ಹೊತ್ತರೆ ಬೆನ್ನು ನೋಯೋ ಅಷ್ಟು ಭಾರ. ಮರುವರ್ಷವೇ ತೆಳು ಮಾಡೆಲ್‌ಗಳಿಗಾಗಿ 'ಮ್ಯಾಕ್ಸ್-ಕ್ಯೂ' ಬಂತು. ಚಿಪ್ ಅದೇ, ಕೊಡೋ ವಿದ್ಯುತ್ ಕಡಿಮೆ. ತೆಳು ಮೈಯಲ್ಲಿ ಬಿಸಿ ಹೊರಗೆ ಹೋಗಬೇಕಲ್ಲ! ಊರಲ್ಲಿ ನೋಡಿರ್ತೀರಿ, ಒಂದೇ ಕಂಪನಿಯ ಪಂಪ್‌ಸೆಟ್, ಒಬ್ಬರ ತೋಟದಲ್ಲಿ ಪೂರಾ ಕರೆಂಟು, ಪಕ್ಕದ ತೋಟದಲ್ಲಿ ಲೋ ವೋಲ್ಟೇಜ್. ನೀರು ಒಂದೇ ಸಮ ಬರುತ್ತಾ?

ಆಗ ಹೆಸರಿನ ಪಕ್ಕ 'ಮ್ಯಾಕ್ಸ್-ಕ್ಯೂ' ಅಂತಾದ್ರೂ ಬರೆದಿರುತ್ತಿತ್ತು. 2021ರ 30ರ ಸರಣಿಯಲ್ಲಿ ಕಾರ್ಡಿನ ಹೆಸರಿನಿಂದ ಅದೂ ಹೋಯಿತು. 3060ಕ್ಕೆ 60ರಿಂದ 115 ವ್ಯಾಟ್‌ವರೆಗೆ ಎಷ್ಟು ಕೊಡಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡುವವರ ಆಯ್ಕೆ. ವಿಮರ್ಶಕರು ಪ್ರಶ್ನೆ ಎತ್ತಿದ ಮೇಲೆ, ವ್ಯಾಟ್ ಎಷ್ಟೆಂದು ತಿಳಿಸಿ ಅಂತ ಎನ್‌ವಿಡಿಯಾ ಅವರಿಗೆ ಹೇಳಿತು. ಅಂಗಡಿಯ ಸ್ಟಿಕ್ಕರ್ ಮೇಲೆ ನಾನಂತೂ ಆ ಸಂಖ್ಯೆ ಕಂಡಿಲ್ಲ.

ಇನ್ನು 4090 ಕೇಳಲೇಬೇಡಿ. ಡೆಸ್ಕ್‌ಟಾಪಿನಲ್ಲಿ 16384 ಕೋರ್, ಲ್ಯಾಪ್‌ಟಾಪಿನಲ್ಲಿ 9728. ಚಿಪ್ಪೇ ಬೇರೆ, ಹೆಸರು ಮಾತ್ರ ಅದೇ. ಇದಕ್ಕಿಂತ ಆ ಹಳೇ 'ಎಂ' ಪ್ರಾಮಾಣಿಕ, ನನ್ನ ಮಟ್ಟಿಗೆ.

ನಿಮ್ಮದು ಎಷ್ಟು ಅಂತ ನೋಡ್ಬೇಕಾ? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆಯಿರಿ, 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅಂತ ಇರುತ್ತೆ. ನಮ್ಮ ಹುಡುಗರದ್ದೂ ನೋಡಿದ್ವಿ. ಒಂದರಲ್ಲಿ 115, ಇನ್ನೊಂದರಲ್ಲಿ 80. ಜಾಸ್ತಿ ದುಡ್ಡು ಕೊಟ್ಟಿದ್ದು 80ರದ್ದಕ್ಕೆ. ತೆಳ್ಳಗಿದೆ, ಚೆನ್ನಾಗಿದೆ ಅಂತ ತಗೊಂಡಿದ್ದನಂತೆ, ಪಾಪ.

ನಿಮ್ಮದರಲ್ಲಿ ಎಷ್ಟು ಬಂತು? ಮಾಡೆಲ್ ಹೆಸರಿನ ಜೊತೆ ಕೆಳಗೆ ಹಾಕಿ.