ಪ್ರಮಾಣಪತ್ರ ಹೇಳದೆ ಬಿಡುವುದು: ವಿದೇಶಿ ಪ್ರವೇಶಾರ್ಜಿಯ ಪಠ್ಯೇತರ ಭಾಗದ ಬಗ್ಗೆ ಒಂದು ಟಿಪ್ಪಣಿ

ಅಮೆರಿಕದ ಪದವಿ ಕಾಲೇಜುಗಳಿಗೆ ಸೇರಬಯಸುವವರು ಹೆಚ್ಚಾಗಿ ತುಂಬುವ ಅರ್ಜಿ ಕಾಮನ್ ಆ್ಯಪ್. 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ ಶುರುಮಾಡಿದ ಈ ವ್ಯವಸ್ಥೆಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಪಠ್ಯೇತರ ಚಟುವಟಿಕೆಗಳಿಗೆ ಅದರಲ್ಲಿ ಹತ್ತು ಜಾಗ. ಒಂದೊಂದರಲ್ಲೂ ವಹಿಸಿಕೊಂಡ ಹೊಣೆಗೆ 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ವಿವರಣೆಗೆ 150. ಇದು ಇಂಗ್ಲಿಷ್ ಅಕ್ಷರಗಳ ಲೆಕ್ಕ, ಪದಗಳ ನಡುವಿನ ತೆರಪೂ ಸೇರಿ. ಯಾವ ಯಾವ ತರಗತಿಯಲ್ಲಿ ಮಾಡಿದ್ದು, ವಾರಕ್ಕೆಷ್ಟು ಗಂಟೆ, ವರ್ಷಕ್ಕೆಷ್ಟು ವಾರ ಎಂಬುದನ್ನೂ ತುಂಬಬೇಕು. ಪ್ರಶಸ್ತಿಗಳಿಗೆ ಬೇರೆಯಾಗಿ ಐದು ಸಾಲುಗಳಿವೆ. ಪ್ರಮಾಣಪತ್ರ ಲಗತ್ತಿಸುವ ಜಾಗ ಮಾತ್ರ ಈ ಭಾಗದಲ್ಲಿ ಇಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುವುದು ಈ ಕೊನೆಯ ಸಂಗತಿಯೇ. ಕರ್ನಾಟಕದ ಸಿಇಟಿಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ವಿಶೇಷ ಪ್ರವರ್ಗಗಳಿವೆ. ಅವುಗಳಡಿ ಸೀಟು ಕೇಳುವವರು ಪ್ರಮಾಣಪತ್ರ ಮುಂದಿಡಬೇಕು. ಪತ್ರವಿದ್ದರೆ ಸಾಧನೆಯಿದೆ, ಇಲ್ಲವಾದರೆ ಇಲ್ಲ. ಹಾಗಾಗಿ ಮನೆಮನೆಯಲ್ಲೂ ಪ್ಲಾಸ್ಟಿಕ್ ಹೊದಿಕೆಯ ಒಂದು ಫೈಲು ದಪ್ಪವಾಗುತ್ತಾ ಹೋಗುತ್ತದೆ. ಆದರೆ ಎಷ್ಟು ಕಾಲ ಮಾಡಿದೆ, ಅದರಲ್ಲಿ ನಿನ್ನ ಪಾಲೇನು ಎಂಬ ಎರಡು ಪ್ರಶ್ನೆಗಳಿಗೆ ಆ ಫೈಲಿನ ಯಾವ ಹಾಳೆಯೂ ಉತ್ತರ ಕೊಡುವುದಿಲ್ಲ. ಅಮೆರಿಕದ ಅರ್ಜಿ ಮುಖ್ಯವಾಗಿ ಕೇಳುವುದು ಅವೆರಡನ್ನೇ. ನಮ್ಮವರ ಪಟ್ಟಿಗಳು ಸಪ್ಪೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಈ ಅಂತರ ಎಂದು ನನ್ನ ತಿಳಿವಳಿಕೆ.

ಓದಿನಾಚೆಯ ಗುಣಗಳನ್ನು ಅಳೆಯುವ ಈ ಪದ್ಧತಿಯ ಹುಟ್ಟು ಅಷ್ಟೇನೂ ಶುಭ್ರವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಹಾರ್ವರ್ಡ್ ಬಹುಮಟ್ಟಿಗೆ ಪರೀಕ್ಷೆಯ ಆಧಾರದ ಮೇಲೆಯೇ ಹುಡುಗರನ್ನು ಸೇರಿಸಿಕೊಳ್ಳುತ್ತಿತ್ತು. ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಏರತೊಡಗಿದಾಗ ಅಧ್ಯಕ್ಷ ಎ. ಲಾರೆನ್ಸ್ ಲೋವೆಲ್ 1922ರಲ್ಲಿ ಅದಕ್ಕೊಂದು ಮಿತಿ ಹಾಕಲು ಹೊರಟರು. ನೇರ ಮಿತಿಗೆ ಅಧ್ಯಾಪಕರು ಒಪ್ಪಲಿಲ್ಲ. 1926ರ ಹೊತ್ತಿಗೆ ತರಗತಿಯ ಗಾತ್ರವನ್ನು ಸುಮಾರು ಸಾವಿರಕ್ಕೆ ನಿಲ್ಲಿಸಿ, ಚಾರಿತ್ರ್ಯ, ವ್ಯಕ್ತಿತ್ವ ಮುಂತಾದ ಅಳತೆಗೆ ಸಿಗದ ಗುಣಗಳಿಗೆ ತೂಕ ಕೊಡುವ ದಾರಿಯಲ್ಲಿ ಅದೇ ಉದ್ದೇಶ ಈಡೇರಿತು. ಈ ಕಥೆಯನ್ನು ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ ತಮ್ಮ ‘ದಿ ಚೋಸನ್’ ಗ್ರಂಥದಲ್ಲಿ ದಾಖಲೆಗಳ ಸಮೇತ ಬಿಡಿಸಿಟ್ಟಿದ್ದಾರೆ. ಇಂದಿನ ಪ್ರವೇಶಾಧಿಕಾರಿಗಳನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೂ ಉಪಕರಣ ಯಾವ ಕಮ್ಮಟದಲ್ಲಿ ತಯಾರಾಯಿತೆಂದು ತಿಳಿದಿದ್ದರೆ ಅದರ ಮುಂದೆ ಅನಗತ್ಯ ಭಕ್ತಿ ಹುಟ್ಟುವುದಿಲ್ಲ.

ಒಳಗೆ ಓದುವವರು ಈ ಪಟ್ಟಿಯನ್ನು ಹೇಗೆ ತೂಗುತ್ತಾರೆಂಬುದು ಹೊರಗಿನವರಿಗೆ ಬಹುಕಾಲ ಗೊತ್ತಿರಲಿಲ್ಲ. ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆ 2018ರಲ್ಲಿ ಬಾಸ್ಟನ್ನಿನಲ್ಲಿ ವಿಚಾರಣೆಗೆ ಬಂದಾಗ ಅಲ್ಲಿನ ಆಂತರಿಕ ಮಾರ್ಗಸೂಚಿ ಬಯಲಾಯಿತು. (ಜನಾಂಗವನ್ನು ಪರಿಗಣಿಸುವ ಪ್ರವೇಶ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ತಳ್ಳಿಹಾಕಿದ್ದು ಇದೇ ಮೊಕದ್ದಮೆಯಲ್ಲಿ.) ಪಠ್ಯೇತರ ಚಟುವಟಿಕೆಗೆ 1ರಿಂದ 6ರವರೆಗಿನ ಶ್ರೇಣಿ, 1 ಎಂದರೆ ಅತ್ಯುತ್ತಮ. ರಾಷ್ಟ್ರಮಟ್ಟದ ಅಥವಾ ವೃತ್ತಿಪರರಿಗೆ ಸಮನಾದ ಸಾಧನೆಗೆ 1. ವಿದ್ಯಾರ್ಥಿ ಸಂಘದ ಅಧ್ಯಕ್ಷತೆ, ಶಾಲಾ ಪತ್ರಿಕೆಯ ಸಂಪಾದಕತ್ವದಂಥ ಗಟ್ಟಿ ಕೊಡುಗೆಗೆ 2. ಭಾಗವಹಿಸಿದ್ದಾನೆ, ವಿಶೇಷವೇನಿಲ್ಲ ಎಂದಾದರೆ 3. ಹೆಚ್ಚುಕಡಿಮೆ ಏನೂ ಮಾಡಿಲ್ಲವಾದರೆ 4. ಇಲ್ಲಿಗೆ ಇಳಿಜಾರು ಮುಗಿಯಿತು. 5 ಎಂಬುದು 4ಕ್ಕಿಂತ ಕೆಳಗಿನ ಮೆಟ್ಟಿಲಲ್ಲ: ಮನೆಯ ಜವಾಬ್ದಾರಿ, ಶಾಲೆಯ ದಿನಗಳಲ್ಲೇ ಮಾಡುವ ದುಡಿಮೆ, ಹೀಗೆ ರೂಢಿಯ ಚಟುವಟಿಕೆಗಳ ಹೊರಗೆ ಬೀಳುವ ಗಣನೀಯ ಕೆಲಸಕ್ಕೆ ಕೊಡುವ ಗುರುತು ಅದು. ಅನಾರೋಗ್ಯದಂಥ ಕಾರಣದಿಂದ ಭಾಗವಹಿಸಲಾಗದವರಿಗೆ 6.

ಶ್ರೇಣಿಯ ಈ ಮುರಿತ ನನಗೆ ಇಡೀ ದಾಖಲೆಯ ಅತ್ಯಂತ ಕುತೂಹಲದ ಭಾಗವೆನಿಸುತ್ತದೆ. ಬೆಳಗಿನ ಜಾವ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಫ್ಯಾಟಿನ ಲೆಕ್ಕ, ಬಟವಾಡೆಯ ಲೆಕ್ಕ ಎರಡನ್ನೂ ಮನೆಯ ಪರವಾಗಿ ನೋಡಿಕೊಳ್ಳುವ ಪಿಯುಸಿ ಹುಡುಗಿಯ ಕೆಲಸವನ್ನು ನಮ್ಮಲ್ಲಿ ಯಾರೂ ಸಾಧನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳೂ ಹಿಡಿಯುವುದಿಲ್ಲ. ಕಾಮನ್ ಆ್ಯಪ್‌ನಲ್ಲಿ ಮಾತ್ರ ಚಟುವಟಿಕೆಯ ಬಗೆಯನ್ನು ಆರಿಸುವ ಪಟ್ಟಿಯಲ್ಲಿಯೇ ಕೌಟುಂಬಿಕ ಹೊಣೆ ಎಂಬುದೊಂದಿದೆ, ಸಂಬಳದ ಕೆಲಸ ಎಂಬುದೊಂದಿದೆ. ಅಂಥವರು ಅಮೆರಿಕಕ್ಕೆ ಅರ್ಜಿ ಹಾಕುವುದೆಲ್ಲಿ ಎನ್ನಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳು ವಿದೇಶಿ ಅರ್ಜಿದಾರರ ವಿಷಯದಲ್ಲೂ ಹಣದ ಸ್ಥಿತಿಯನ್ನು ನೋಡದೆ ಪ್ರವೇಶ ನಿರ್ಧರಿಸುತ್ತವೆ, ಆಮೇಲೆ ಅಗತ್ಯಕ್ಕೆ ತಕ್ಕಂತೆ ನೆರವು ಕೊಡುತ್ತವೆ. ಅಂಥ ಸಂಸ್ಥೆಗಳು ಬೆರಳೆಣಿಕೆಯಷ್ಟೇ ಆದರೂ ಪ್ರಶ್ನೆ ಬರಿಯ ಕಲ್ಪನೆಯದಲ್ಲ.

ಅಳತೆಗೋಲಿನಲ್ಲಿ 5ಕ್ಕೆ ಜಾಗವಿದ್ದ ಮಾತ್ರಕ್ಕೆ ಫಲಿತಾಂಶ ಸಮನಾಗಿದೆ ಎಂದೇನೂ ಅರ್ಥವಲ್ಲ. ಕಾಮನ್ ಆ್ಯಪ್‌ನ ಲಕ್ಷಾಂತರ ಅರ್ಜಿಗಳನ್ನು ನೋಡಿದ 2023ರ ಒಂದು ಅಧ್ಯಯನದಲ್ಲಿ ಖಾಸಗಿ ಶಾಲೆಯವರೂ ಅನುಕೂಲಸ್ಥರೂ ಹೆಚ್ಚು ಚಟುವಟಿಕೆಗಳನ್ನು, ಹೆಚ್ಚು ನಾಯಕತ್ವವನ್ನು ನಮೂದಿಸಿದ್ದು ಕಂಡುಬಂತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅದೇ ವರ್ಷ ಪ್ರಕಟಿಸಿದ ಸಂಶೋಧನೆಯೂ ಅತಿ ಶ್ರೀಮಂತರ ಮಕ್ಕಳಿಗೆ ಪ್ರವೇಶದಲ್ಲಿ ಸಿಗುವ ಹೆಚ್ಚುವರಿ ಲಾಭದ ಮೂರು ಕಾರಣಗಳಲ್ಲಿ ಓದಿನಾಚೆಯ ಅರ್ಹತೆಗಳ ಮೌಲ್ಯಮಾಪನವನ್ನೂ ಎಣಿಸಿತು. ಚೆಟ್ಟಿಯವರದು ಅಮೆರಿಕದ ವಿದ್ಯಾರ್ಥಿಗಳ ಮಾಹಿತಿ. ಅದನ್ನು ಭಾರತದಿಂದ ಹೋಗುವವರಿಗೆ ನೇರವಾಗಿ ಅನ್ವಯಿಸುವಂತಿಲ್ಲ.

ಈಗ ನಮ್ಮ ಕಡೆಯ ಸಾಮಗ್ರಿಗೆ ಬರೋಣ. ಮೊದಲು ಕಣ್ಣಿಗೆ ಬೀಳುವುದು ತರಗತಿಗಳ ಚೌಕ. ಅರ್ಜಿ ಕೇಳುವುದು 9ರಿಂದ 12ನೆಯ ತರಗತಿಯವರೆಗಿನ ಚಟುವಟಿಕೆ. ಅಂದರೆ ಒಂಬತ್ತು, ಎಸ್ಸೆಸ್ಸೆಲ್ಸಿ, ಎರಡು ವರ್ಷದ ಪಿಯುಸಿ. “ಎಸ್ಸೆಸ್ಸೆಲ್ಸಿ ಬಂತು, ಸಂಗೀತ ಬಿಡಿಸಿದೆವು” ಎನ್ನುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಮಾತು. ದ್ವಿತೀಯ ಪಿಯುಸಿಯಲ್ಲಂತೂ ಕೇಳುವುದೇ ಬೇಡ. ನಾಲ್ಕು ಚೌಕಗಳಲ್ಲಿ ಎರಡು ಖಾಲಿ ಉಳಿಯುವುದು ಹೀಗೆ, ಮತ್ತು ಇದನ್ನು ಬರವಣಿಗೆಯ ಯಾವ ಚಮತ್ಕಾರವೂ ತುಂಬಲಾರದು. ನಾಲ್ಕನೆಯ ತರಗತಿಯಿಂದ ಏಳನೆಯದರವರೆಗೆ ಗೆದ್ದ ಕಪ್ಪುಗಳು ಮನೆಯ ಷೋಕೇಸಿಗೇ ಮೀಸಲು.

ಎರಡನೆಯದು ಮಟ್ಟದ ತೊಡಕು. ನಮ್ಮ ಶಾಲೆಗಳ ಪ್ರತಿಭಾ ಕಾರಂಜಿ ಸ್ಪರ್ಧೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುತ್ತದೆ. ಕಾಮನ್ ಆ್ಯಪ್‌ನ ಪ್ರಶಸ್ತಿ ಭಾಗದಲ್ಲಿರುವುದು ಶಾಲೆ, ರಾಜ್ಯ ಅಥವಾ ಪ್ರಾದೇಶಿಕ, ರಾಷ್ಟ್ರೀಯ, ಅಂತರರಾಷ್ಟ್ರೀಯ ಎಂಬ ನಾಲ್ಕೇ ಹಂತ. ಜಿಲ್ಲಾ ಮಟ್ಟದ ಬಹುಮಾನವನ್ನು ಸಂಕೋಚದಿಂದ ಬಿಟ್ಟುಬಿಡುವವರಿದ್ದಾರೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷ ದಾಟಿತ್ತು. ಅದರ ಹಿಂದಿನ ವರ್ಷದ ಅಮೆರಿಕದ ಗಣತಿಯಲ್ಲಿ ಇಡೀ ಕೆಂಟಕಿ ರಾಜ್ಯದ್ದು ಸುಮಾರು 43 ಲಕ್ಷ. ಇದನ್ನು ಓದುಗನಿಗೆ ತಿಳಿಸಿಕೊಡುವುದು ಜಂಬವಲ್ಲ, ಮಾಹಿತಿ. ಎಷ್ಟು ಶಾಲೆಗಳ ಪೈಕಿ, ಎಷ್ಟು ಮಂದಿಯ ಪೈಕಿ ಎಂಬ ಒಂದು ಸಂಖ್ಯೆ ಪ್ರಶಸ್ತಿಯ ಉದ್ದನೆಯ ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಗಂಟೆಗಳ ಲೆಕ್ಕದಲ್ಲಿ ಎನ್‌ಎಸ್‌ಎಸ್ ಒಳ್ಳೆಯ ಉದಾಹರಣೆ. ಅದರ ನಿಯಮದಂತೆ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ವರ್ಷಕ್ಕೆ 120, 40 ವಾರಕ್ಕೆ ಹಂಚಿದರೆ ವಾರಕ್ಕೆ ಮೂರು. ಅಂಕಣ ಬಯಸುವುದು ಈ ಬಗೆಯ ಪ್ರಾಮಾಣಿಕ ಭಾಗಾಕಾರವನ್ನೇ. ವಿವರಣೆಯಲ್ಲಿ “ವಿಶೇಷ ಶಿಬಿರದಲ್ಲಿ ಭಾಗವಹಿಸಿ ಪ್ರಮಾಣಪತ್ರ ಪಡೆದಿರುತ್ತೇನೆ” ಎಂದು ಬರೆದರೆ 150 ಅಕ್ಷರವೂ ವ್ಯರ್ಥ. “ಏಳು ದಿನದ ಹಳ್ಳಿ ಶಿಬಿರದಲ್ಲಿ 50 ಜನರ ಅಡುಗೆ ಸಾಮಾನು ಖರೀದಿಸಿದೆ, ನಿತ್ಯದ ಖರ್ಚು ಬರೆದಿಟ್ಟೆ, ಉಳಿದ ಹಣ ಲೆಕ್ಕ ಸಮೇತ ಒಪ್ಪಿಸಿದೆ” ಎಂದಾಗ ಒಬ್ಬ ಮನುಷ್ಯ ಕಾಣಿಸುತ್ತಾನೆ. ಎರಡೂ ಮಾದರಿಗಾಗಿ ನಾನು ಕಟ್ಟಿದ ವಾಕ್ಯಗಳು.

ಹೊಣೆಯ ಅಂಕಣವೇ ಹೆಚ್ಚು ಕಾಡುವುದು. ಅಧ್ಯಕ್ಷ, ಸ್ಥಾಪಕ, ನಾಯಕ ಎಂಬ ಪದವಿಗಳತ್ತ ಅದು ಕೈಮಾಡಿ ಕರೆಯುತ್ತದೆ. ಅರ್ಜಿಯ ವರ್ಷವೇ ಹುಟ್ಟಿ ಅರ್ಜಿಯ ವರ್ಷವೇ ಕಣ್ಮುಚ್ಚುವ ಸೇವಾಸಂಸ್ಥೆಗಳು ಈ ಕರೆಗೆ ಓಗೊಟ್ಟವು. ಮೃದಂಗ ನುಡಿಸುವ ಹುಡುಗನೊಬ್ಬ ಅಲ್ಲಿ ಏನು ಬರೆಯಬೇಕು? ಅವನು ಪಕ್ಕವಾದ್ಯದವನು, ಯಾವುದರ ಅಧ್ಯಕ್ಷನೂ ಅಲ್ಲ. ಆದರೆ ನಮ್ಮ ಕಚೇರಿಗಳಲ್ಲಿ ಪೂರ್ವಾಭ್ಯಾಸವಿಲ್ಲದೆ ಕೂರುವುದೇ ಹೆಚ್ಚು. ಗಾಯಕರು ಮುಂದೆ ಯಾವ ಕೃತಿ ಎತ್ತಿಕೊಳ್ಳುತ್ತಾರೆಂದು ತಿಳಿಯದೆ, ತಾಳ ಹಿಡಿದು, ಹಾಡಿನ ಮೇಲೆ ಏರಿಹೋಗದೆ, ತನಿ ಆವರ್ತನದಲ್ಲಿ ಮಾತ್ರ ತನ್ನ ಸರದಿ ತೆಗೆದುಕೊಳ್ಳಬೇಕು. ಇದನ್ನು ಹಾಗೆಯೇ ಹೇಳಿದರೆ ಸಾಕು. ‘ತಂಡದ ನಾಯಕ’ ಎಂಬ ಬಿರುದು ಅಂಟಿಸಿದರೆ ಕಲೆಯ ಸೂಕ್ಷ್ಮವೇ ಹೊರಟುಹೋಗುತ್ತದೆ. ರಾಜ್ಯದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಪಾಸಾಗಿದ್ದರೆ ಅದು ಪ್ರಶಸ್ತಿಯ ಭಾಗಕ್ಕೆ ಸೇರಲಿ. ಸರ್ಕಾರಿ ವ್ಯವಸ್ಥೆಯ ಪರೀಕ್ಷೆ, ಶಾಸ್ತ್ರ ಮತ್ತು ಪ್ರಯೋಗ ಎರಡೂ ಇವೆ ಎಂಬ ವಿವರಣೆಯೊಂದಿಗೆ.

ಕಾಗದ ಕೇಳದಿದ್ದರೆ ಸುಳ್ಳನ್ನು ತಡೆಯುವುದು ಹೇಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 20 ಚಟುವಟಿಕೆಗಳವರೆಗೆ ಅವಕಾಶ ಕೊಟ್ಟು, ಆಮೇಲೆ ಕೆಲವು ಅರ್ಜಿಗಳನ್ನು ಆರಿಸಿ ಪುರಾವೆ ತರಿಸಿಕೊಳ್ಳುತ್ತದೆ. ಎಂಐಟಿ ನಾಲ್ಕೇ ಚಟುವಟಿಕೆ ಕೇಳುತ್ತದೆ. ಉದ್ದ ಪಟ್ಟಿಯ ಆಸೆಗೆ ಅಲ್ಲೇ ಕತ್ತರಿ. ಉಳಿದೆಡೆ ಶಿಕ್ಷಕರು, ಶಾಲಾ ಸಲಹೆಗಾರರು ಬರೆಯುವ ಶಿಫಾರಸು ಪತ್ರ ಮತ್ತು ಪಟ್ಟಿ ಒಂದಕ್ಕೊಂದು ಹೊಂದಬೇಕು. ನಮ್ಮ ಪಿಯು ಕಾಲೇಜುಗಳಲ್ಲಿ ಆ ಪತ್ರ ಬರೆಯುವ ಸಲಹೆಗಾರರು ವಿರಳ. ನೂರಾರು ಮಕ್ಕಳ ನಡುವೆ ಮುಖಪರಿಚಯವಷ್ಟೇ ಇರುವ ಉಪನ್ಯಾಸಕರೋ ಪ್ರಾಂಶುಪಾಲರೋ ಬರೆಯುತ್ತಾರೆ. ಅವರ ಮುಂದೆ ಪಟ್ಟಿಯನ್ನು ಮೊದಲೇ ಇಡುವುದು ಜಾಣತನ. ಇಷ್ಟೆಲ್ಲ ತಪಾಸಣೆಯೂ ಬೇಲಿಯೇ ಹೊರತು ಕೋಟೆಯಲ್ಲ. 2019ರ ಮಾರ್ಚ್ 12ರಂದು ಬಯಲಾದ ಪ್ರವೇಶ ಹಗರಣದಲ್ಲಿ ರಿಕ್ ಸಿಂಗರ್ ಎಂಬ ಸಲಹೆಗಾರ ಆಟವೇ ಆಡದ ಮಕ್ಕಳನ್ನು ಆಟಗಾರರೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಡಿಸಿ ಸೀಟು ಗಿಟ್ಟಿಸಿದ್ದ. 2023ರಲ್ಲಿ ಅವನಿಗೆ ಮೂರೂವರೆ ವರ್ಷ ಸೆರೆಯಾಯಿತು.

ಇದೇ ಪಟ್ಟಿಯನ್ನು ಹಿಡಿದು ಆಕ್ಸ್‌ಫರ್ಡಿಗೆ ಹೋದರೆ ಕಥೆ ಬೇರೆ. ಅಲ್ಲಿ ಪದವಿ ಪ್ರವೇಶಕ್ಕೆ ಬೇಕಾದ್ದು ಆಯ್ದ ವಿಷಯದಲ್ಲಿನ ಸಾಮರ್ಥ್ಯ. ಅದಕ್ಕೆ ಸಂಬಂಧಿಸದ ಚಟುವಟಿಕೆಗೆ ಬೆಲೆಯಿಲ್ಲ. ತಮಾಷೆಯೆಂದರೆ ಅದೇ ಊರಿಗೆ ವಿದ್ಯಾರ್ಥಿಗಳನ್ನು ಕಳಿಸುವ ರೋಡ್ಸ್ ವಿದ್ಯಾರ್ಥಿವೇತನ, ಸೆಸಿಲ್ ರೋಡ್ಸ್‌ನ 1899ರ ಮೃತ್ಯುಪತ್ರದ ಕಾಲದಿಂದಲೂ ಓದಿನ ಜೊತೆಗೆ ಆಟ, ಚಾರಿತ್ರ್ಯ, ನಾಯಕತ್ವಗಳನ್ನು ಕೇಳುತ್ತಾ ಬಂದಿದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಆ ವೇತನದಿಂದ. 1963ರಲ್ಲಿ ಅಲ್ಲಿನ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು.

ಬ್ರಿಟನ್ನಿನ ಸಮಾನ ಅರ್ಜಿಯಾದ ಯೂಕ್ಯಾಸ್‌ನಲ್ಲಿ ಸ್ವವಿವರಣೆಗೆ 4,000 ಅಕ್ಷರ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಶಿಕ್ಷಣದ ಹೊರಗೆ ಏನು ಸಿದ್ಧತೆ ಮಾಡಿಕೊಂಡಿದ್ದೀಯ, ಅದು ಈ ಕೋರ್ಸಿಗೆ ಹೇಗೆ ಉಪಯುಕ್ತ ಎಂಬುದು ಮೂರನೆಯದು. ನಮ್ಮ ಮೃದಂಗದ ಹುಡುಗ ಭೌತಶಾಸ್ತ್ರಕ್ಕೆ ಅರ್ಜಿ ಹಾಕುವುದಾದರೆ ಅವನು ನುಡಿಸಿದ ಕಚೇರಿಗಳನ್ನು ಇಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ವಾದ್ಯದ ಬಲಗಡೆಯ ಚರ್ಮದ ನಡುವೆ ಮೆತ್ತಿದ ಕಪ್ಪು ಭಾಗದಿಂದಾಗಿ ಅದರ ಉಪಸ್ವರಗಳು ತಂತಿವಾದ್ಯದ ಹಾಗೆ ಹೊಂದಿಕೊಳ್ಳುತ್ತವೆ ಎಂದು ಸಿ. ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಬರೆದ ಪ್ರಬಂಧವಿದೆ. ಅದನ್ನು ಓದಿ, ತನ್ನದೇ ಮೃದಂಗದ ನಾದವನ್ನು ಫೋನಿನಲ್ಲಿ ಹಿಡಿದು ಆವೃತ್ತಿಗಳನ್ನು ಅಳೆದು, ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ ಎಂದು ನಾಲ್ಕು ಸಾಲು ಬರೆದರೆ ಸಂದರ್ಶನದಲ್ಲಿ ಪ್ರಶ್ನೆ ಅಲ್ಲಿಂದಲೇ ಶುರುವಾಗಬಹುದು.