ಮೇಗುತಿಯಿಂದ ಬಾದಾಮಿಗೆ: ಒಂದು ದಿನದ ಜಿನಾಲಯ ದರ್ಶನ

ಮಲಪ್ರಭಾ ಕೊಳ್ಳದ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳನ್ನು ಒಂದೇ ಹಗಲಿನಲ್ಲಿ ಸಂದರ್ಶಿಸುವುದು ಸಾಧ್ಯ. ಯಾತ್ರಿಕರು ಸಾಮಾನ್ಯವಾಗಿ ಬಾದಾಮಿಯಿಂದ ಹೊರಟು ಐಹೊಳೆಯಲ್ಲಿ ಮುಗಿಸುವರು. ಜೈನ ಪರಂಪರೆಯ ಕುರುಹುಗಳನ್ನು ಅರಸಿ ಬರುವವರು ಈ ಕ್ರಮವನ್ನು ಹಿಂದುಮುಂದಾಗಿಸುವುದು ಲೇಸು. ಕಾಲನಿರ್ಣಯಕ್ಕೆ ಲಿಖಿತಾಧಾರವುಳ್ಳ ಸ್ಥಳವನ್ನು ಮೊದಲು ಕಂಡು, ಅಂತಹ ಆಧಾರವಿಲ್ಲದವನ್ನು ಅನಂತರ ಪರಿಶೀಲಿಸುವುದೇ ಯುಕ್ತವಾದ ಮಾರ್ಗವಷ್ಟೆ.

ಆ ಆಧಾರವಿರುವುದು ಐಹೊಳೆಯ ಗುಡ್ಡದ ಮೇಲಣ ಮೇಗುತಿಯಲ್ಲಿ. ಹೆಸರು ಮೇಗುಡಿ, ಎಂದರೆ ಮೇಲಿನ ಗುಡಿ, ಎಂಬುದರ ರೂಪಾಂತರ. ಉತ್ತರಾಭಿಮುಖವಾದ ಈ ಜಿನಾಲಯದ ಪೂರ್ವ ಭಿತ್ತಿಯಲ್ಲಿ ರವಿಕೀರ್ತಿಯ ಪ್ರಶಸ್ತಿಯಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, ಸಾಲುಗಳು 19. ಭಾರತ ಯುದ್ಧದಿಂದ 3735 ವರ್ಷಗಳು ಸಂದುವೆಂದೂ ಶಕವರ್ಷ 556 ಎಂದೂ ಎರಡು ಬಗೆಯಾಗಿ ಕಾಲವನ್ನು ಹೇಳಲಾಗಿದೆ, ಅದು ಕ್ರಿ.ಶ. 634-35ಕ್ಕೆ ಸರಿಹೊಂದುತ್ತದೆ.

ಫ್ಲೀಟ್ ಮತ್ತು ಕೀಲ್ಹಾರ್ನ್ ಇದನ್ನು ಸಂಪಾದಿಸಿದ ಮೇಲೆ ಇತಿಹಾಸಕಾರರು ಹರ್ಷನ ಮೇಲೆ ಇಮ್ಮಡಿ ಪುಲಕೇಶಿ ಪಡೆದ ಜಯಕ್ಕಾಗಿಯೂ, ಸಾಹಿತ್ಯ ಚರಿತ್ರಕಾರರು ಕಾಳಿದಾಸ ಭಾರವಿಗಳ ಕಾಲದ ಕೆಳಮಿತಿಗಾಗಿಯೂ ಇದನ್ನು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಎರಡೂ ಉಚಿತವೇ. ಆದರೆ ಪ್ರಶಸ್ತಿಯು ತೊಡಗುವುದು ಜಿನೇಂದ್ರನ ಜಯದಿಂದ; ಕಾವ್ಯಭಾಗವು ಮುಗಿಯುವುದು ಜಿನಗೃಹವನ್ನು ಕಟ್ಟಿಸಿದ ರವಿಕೀರ್ತಿಯ ಜಯದಿಂದ. ಚಾಲುಕ್ಯರ ದಿಗ್ವಿಜಯ ಇವೆರಡರ ನಡುವಣ ವಿಷಯ. ಇದು ಮೂಲತಃ ಒಂದು ಬಸದಿಯ ಪ್ರತಿಷ್ಠಾಲೇಖ ಎಂಬುದು ಪಠ್ಯಪುಸ್ತಕಗಳಲ್ಲಿ ಬಹುಮಟ್ಟಿಗೆ ಮರೆಯಾಗಿದೆ.

ಹಸ್ತಪ್ರತಿ ಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮಹತ್ವವುಂಟು. ವೀರಸೇನಾಚಾರ್ಯರ ಧವಲಾ ಟೀಕೆ 9ನೆಯ ಶತಮಾನದ ಆದಿಭಾಗದ್ದೆಂಬುದು ಬಹುಜನ ವಿದ್ವಾಂಸರ ಮತ. ಅದನ್ನು ಉಳಿಸಿಕೊಟ್ಟ ಮೂಡುಬಿದಿರೆಯ ತಾಡವೋಲೆಗಳು 12ನೆಯ ಶತಮಾನದವು. ನಡುವಣ ಸುಮಾರು ಮುನ್ನೂರು ವರ್ಷಗಳ ಲಿಪಿಕಾರರ ಕೈಬರಹ ಕಣ್ಮರೆಯಾಗಿದೆ. ರವಿಕೀರ್ತಿಯ ಕಾವ್ಯಕ್ಕಾದರೋ ಅಂತಹ ಅಂತರವೇ ಇಲ್ಲ. ಕವಿ ತಾನೇ ಕಟ್ಟಿಸಿದ ಗೋಡೆಯ ಮೇಲೆ, ತನ್ನ ಕಾಲದಲ್ಲಿಯೇ ಕೆತ್ತಲ್ಪಟ್ಟ ಪ್ರತಿಯಿದು. ಕಂಡರಣೆಗಾರನ ಸ್ಖಾಲಿತ್ಯವನ್ನು ಬಿಟ್ಟರೆ ಸಂಪಾದಕನು ಊಹಿಸಬೇಕಾದ ಪ್ರತಿಪರಂಪರೆಯೇ ಇಲ್ಲ. ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿಯನ್ನು ಹೇಳಿಕೊಂಡ ಈ ಕವಿ ನಮಗೆ ಉಳಿದಿರುವುದು ಕಲ್ಲಿನಿಂದ ಮಾತ್ರ. ಇದನ್ನು ಶಾಸನಶಾಸ್ತ್ರಜ್ಞರಿಗಷ್ಟೇ ಒಪ್ಪಿಸಿ ಗ್ರಂಥಸಂಪಾದಕರು ಸುಮ್ಮನಿರುವುದು ಸರಿಯಲ್ಲ.

ಅದೇ ಗುಡ್ಡದ ಆಗ್ನೇಯದ ಜೈನ ಗುಹೆ ಮೀನ ಬಸದಿ. ಮುಖಮಂಟಪದ ಎರಡು ಕೊನೆಗಳಲ್ಲಿ ಪಾರ್ಶ್ವನಾಥನೂ ಬಾಹುಬಲಿಯೂ ಎದುರುಬದುರಾಗಿ ನಿಂತಿದ್ದಾರೆ. ಬಾಹುಬಲಿಯ ಕೂದಲು ಹೆಗಲ ಮೇಲೆ ಇಳಿಬಿದ್ದಿದೆ. ಬೆಳ್ಗೊಳದ ಗೊಮ್ಮಟನ ಗುಂಗುರು ಕೇಶ ಇಲ್ಲಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಹುಟ್ಟುವುದಕ್ಕೆ ಇನ್ನೂ ಸುಮಾರು ಎರಡು ಶತಮಾನಗಳಿದ್ದವು. ಶಿಲ್ಪಿಯು ಕೇಳಿದ್ದ ಬಾಹುಬಲಿ ಕಥೆಯ ಸ್ವರೂಪವನ್ನು ಆದಿಪುರಾಣದಿಂದ ವಿವರಿಸಹೊರಡುವುದು ಕಾಲವಿರೋಧ.

ಪಟ್ಟದಕಲ್ಲಿನ ಜೈನ ನಾರಾಯಣ ಬಸದಿ ರಾಷ್ಟ್ರಕೂಟರ ಕಾಲದ್ದು, 9ನೆಯ ಶತಮಾನಕ್ಕೆ ಸೇರಿದ್ದು. ಉಳಿದ ದೇವಾಲಯಗಳ ಗುಂಪಿನಿಂದ ದೂರ, ಬಾದಾಮಿಯ ದಾರಿಯಲ್ಲಿರುವುದರಿಂದ ಹಲವರು ಇಲ್ಲಿ ಇಳಿಯುವುದೇ ಇಲ್ಲ. ಬಾಗಿಲ ಇಕ್ಕೆಲದ ಕಲ್ಲಾನೆಗಳನ್ನು ಕಾಣಲಾದರೂ ಇಳಿಯತಕ್ಕದ್ದು.

ಸಂಜೆಯ ಹೊತ್ತಿಗೆ ಬಾದಾಮಿ. ಅಲ್ಲಿನ ಮೂರನೆಯ ಗುಹೆಗೆ ಶಕ 500, ಅಂದರೆ ಕ್ರಿ.ಶ. 578ರ ಶಾಸನವುಂಟು, ನಾಲ್ಕನೆಯ, ಜೈನ ಗುಹೆಗೆ ನಿರ್ಮಾಣಶಾಸನವಿಲ್ಲ. ಪಾರ್ಶ್ವನಾಥ ಬಾಹುಬಲಿಗಳ ಜೋಡಣೆಯಾದರೋ ಬೆಳಿಗ್ಗೆ ಐಹೊಳೆಯಲ್ಲಿ ಕಂಡದ್ದೇ. ಗೋಡೆ ಕಂಬಗಳ ಮೇಲಣ ಚಿಕ್ಕ ಜಿನಬಿಂಬಗಳು ಬಹುಪಾಲು ಅನಂತರದ ಸೇರ್ಪಡೆ. ಓಲೆಯ ಅಂಚಿನಲ್ಲಿ ಮುಂದಿನ ಓದುಗರು ಬರೆದ ಟಿಪ್ಪಣಿಗಳಂತೆ ಇವನ್ನು ಮೂಲದಿಂದ ಬೇರ್ಪಡಿಸಿ ನೋಡಬೇಕು. ಒಂದು ಬಿಂಬದ ಪೀಠದಲ್ಲಿ ಸುಮಾರು 12ನೆಯ ಶತಮಾನದ ಕನ್ನಡ ಲೇಖ ಜಕ್ಕವೆ ಎಂಬುವಳ ಮರಣವನ್ನು ತಿಳಿಸುತ್ತದೆ. ಮೂಡುಬಿದಿರೆಯ ಓಲೆಗಳೂ ಇದೇ ಶತಮಾನದವು. ಗುಹೆಯನ್ನು ಕೊರೆಯಿಸಿದವನ ಹೆಸರಿಲ್ಲದ ಕಡೆ ಆಕೆಯ ಹೆಸರು ಉಳಿದಿದೆ.